ಮನೆ ಪಟ್ಟಿಯಿಂದ ಹೆಸರು ಹೋಯಿತೇ? ಮೊದಲು ನಡಾವಳಿ ಕೇಳಿ

ಈ ತಿಂಗಳೂ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ಪ್ರಶ್ನೆ: ಸರ್ಕಾರಿ ವಸತಿ ಯೋಜನೆಯ ಪಟ್ಟಿಯಿಂದ ನಮ್ಮ ಹೆಸರು ಹೋಗಿದೆ, ಏನು ಮಾಡಬೇಕು? ಬೆಳಗಾವಿ ಕಡೆಯಿಂದಲೂ ಅದೇ, ಬಾಗಲಕೋಟೆ ಕಡೆಯಿಂದಲೂ ಅದೇ. ಅರ್ಜಿಗೆ ಯಾವ ಕಾಗದ ಜೋಡಿಸಬೇಕು ಅನ್ನೋದು ನಿಮಗೆಲ್ಲ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ.

ಗ್ರಾಮಸಭೆಯಲ್ಲಿ ನನ್ನ ಹೆಸರು ಓದಿದ್ದರು. ಈಗ ಪಟ್ಟಿಯಲ್ಲಿ ಇಲ್ಲ. ಕೇಳಿದರೆ, ಗ್ರಾಮಸಭೆ ಬರೀ ಸಲಹೆ ಕೊಡುತ್ತದೆ, ತೀರ್ಮಾನ ಮೇಲಿನವರದ್ದು ಅಂತಾರೆ. ಸಮಿತಿಯಲ್ಲಿ ಪರಿಚಯ ಇದೆ ಅಂತ ಒಬ್ಬರು ಇಪ್ಪತ್ತು ಸಾವಿರ ಕೇಳುತ್ತಿದ್ದಾರೆ. ಕೊಡಲಾ? (ಗೋಕಾಕ ತಾಲ್ಲೂಕಿನ ಓದುಗರು)

ಕೊಡಬೇಡಿ. ಒಂದು ರೂಪಾಯಿಯನ್ನೂ ಕೊಡಬೇಡಿ. ಮನೆಯ ಹಣ ಯಾವ ಸಮಿತಿಯ ಕೈಗೂ ಬರುವುದಿಲ್ಲ. ತಳಪಾಯ, ಗೋಡೆ, ಚಾವಣಿ ಅಂತ ಹಂತ ಹಂತವಾಗಿ ಜಿಪಿಎಸ್ ಫೋಟೋ ತೆಗೆದ ಮೇಲೆ ನೇರ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. ನಡುವೆ ನಿಂತು ಕೊಡಿಸುತ್ತೇನೆ ಅನ್ನುವವರು ನಿಮ್ಮ ಆಸೆಯನ್ನೇ ಮಾರಿಕೊಂಡು ತಿನ್ನುವವರು. ಇಂಥವರಿಗೆ ಎಮ್ಮೆ ಮಾರಿ ಹಣ ಕೊಟ್ಟ ಮನೆಗಳನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಸಿಟ್ಟು.

ಇನ್ನು 'ಬರೀ ಸಲಹೆ' ಅನ್ನುವ ಮಾತು. ಇದು ಅರ್ಧ ಸುಳ್ಳು, ಮತ್ತು ಆ ಅರ್ಧದಲ್ಲೇ ನಿಮ್ಮ ಮನೆ ಹೋಗುತ್ತದೆ. ಬಸವ ವಸತಿಯಂಥ ರಾಜ್ಯದ ಯೋಜನೆಯಲ್ಲಿ ಹಳ್ಳಿಯ ಫಲಾನುಭವಿಗಳನ್ನು ಆರಿಸುವುದೇ ಗ್ರಾಮಸಭೆ. 1993ರ ಪಂಚಾಯತ್ ರಾಜ್ ಕಾಯ್ದೆ ಅದಕ್ಕೆ ಆ ಅಧಿಕಾರ ಕೊಟ್ಟಿದೆ, ಅದು ಸಲಹೆ ಅಲ್ಲ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣದಲ್ಲಿ ಲೆಕ್ಕ ಬೇರೆ. ಅಲ್ಲಿ ಪಟ್ಟಿ ಸಮೀಕ್ಷೆಯಿಂದ ಬರುತ್ತದೆ, ಗ್ರಾಮಸಭೆ ಅದನ್ನು ಪರಿಶೀಲಿಸುತ್ತದೆ. ಆದರೂ ಒಂದು ಹೆಸರು ತೆಗೆದರೆ ಯಾಕೆ ತೆಗೆದರು ಅಂತ ಬರೆಯಲೇಬೇಕು, ಒಪ್ಪದವರು ಮೇಲ್ಮನವಿಗೆ ಹೋಗಬಹುದು. ಪಟ್ಟಣದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಆರಿಸುತ್ತದೆ. ಹಾಗಾಗಿ ನಿಮ್ಮದು ಯಾವ ಯೋಜನೆ ಅಂತ ಮೊದಲು ತಿಳಿದುಕೊಳ್ಳಿ. ಪತ್ರದಲ್ಲಿ ನೀವು ಅದನ್ನೇ ಬರೆದಿಲ್ಲ.

ಸಭೆ ಸಲಹೆಯನ್ನಾದರೂ ಕೊಡಲಿ, ತೀರ್ಮಾನವನ್ನಾದರೂ ಮಾಡಲಿ, ಅದು ನಿಲ್ಲುವುದು ನಡಾವಳಿ ಪುಸ್ತಕದಲ್ಲಿ, ಅಂದರೆ ಸಭೆಯಲ್ಲಿ ಆದದ್ದನ್ನು ಬರೆದಿಡುವ ಪುಸ್ತಕದಲ್ಲಿ, ಠರಾವು (ನಿರ್ಣಯ) ಬರೆದಿದ್ದರೆ ಮಾತ್ರ. ಮೈಕಿನಲ್ಲಿ ಓದಿದ ಹೆಸರು ಗಾಳಿಗೆ ಹೋಯಿತು ಅಂತಲೇ ತಿಳಿಯಿರಿ. ಒಂದು ಪಂಚಾಯಿತಿಯ ಪುಸ್ತಕ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಹೆಸರುಗಳು ನೀಲಿ ಶಾಯಿಯಲ್ಲಿ ಸಾಲಾಗಿ ಇಳಿದಿದ್ದವು, ಕೊನೆಯ ಹೆಸರಿನ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟು ಅದರ ಕೆಳಗೆ ಜನರ ಸಹಿ, ಹೆಬ್ಬೆಟ್ಟು. ಆ ಖಾಲಿ ಜಾಗದಲ್ಲಿ ಕಪ್ಪು ಶಾಯಿಯಲ್ಲಿ ಸಣ್ಣಗೆ ಮೂರು ಹೆಸರು ತುರುಕಿದ್ದರು, ಮೇಲಿನ ಒಂದೆರಡು ನೀಲಿ ಹೆಸರಿಗೆ ಗೀಟು ಬಿದ್ದಿತ್ತು, ಪಕ್ಕದಲ್ಲಿ ಕಾರಣವೂ ಇಲ್ಲ, ಸಹಿಯೂ ಇಲ್ಲ. ಹೆಬ್ಬೆಟ್ಟು ಒತ್ತಿದ ಒಬ್ಬ ಅಜ್ಜಿಯ ಹೆಸರೇ ಗೀಟಿನ ಕೆಳಗಿತ್ತು.

ಅದಕ್ಕೇ ಹೇಳುತ್ತೇನೆ, ಹೆಸರು ಓದಿದ ತಕ್ಷಣ ಎದ್ದು ಮನೆಗೆ ಹೋಗಬೇಡಿ. ಠರಾವು ಓದಿಸಿ. ಕೊನೆಯ ಹೆಸರಿನ ಕೆಳಗೆ ಗೆರೆ ಎಳೆಸಿ, ಒಟ್ಟು ಎಷ್ಟು ಅಂತ ಅಕ್ಷರದಲ್ಲಿ ಬರೆಸಿ, ಆಮೇಲೆ ಸಹಿ ಹಾಕಿ. ಜಾಗ ಖಾಲಿ ಇದ್ದರೆ ಸಹಿ ಹಾಕಲೇಬೇಡಿ, ಯಾರು ಬೇಜಾರಾದರೂ ಸರಿ. ಈಗ ನಿಮ್ಮ ವಿಷಯಕ್ಕೆ, ಆ ದಿನದ ನಡಾವಳಿಯ ನಕಲು ಬೇಕು ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ಅದು ಕೈಗೆ ಬಂದ ಮೇಲೆ ತಾಲ್ಲೂಕು ಪಂಚಾಯಿತಿಗೆ ಹೋಗಿ. ಬರಿಗೈಯಲ್ಲಿ ಹೋಗಿ ಜಗಳ ಮಾಡಿದರೆ ಸುಮ್ನೆ ದಿನದ ಕೂಲಿ ಹೋಗುತ್ತದೆ.

ಇನ್ನೊಂದು ಮಾತು, ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಮನೆ ಕಟ್ಟಲು ಶುರು ಮಾಡಿ ಅನ್ನುವ ಕಾರ್ಯಾದೇಶ ಕೈಗೆ ಬರುವ ತನಕ ಹಳೇ ಮನೆ ಕೆಡವಬೇಡಿ. ಯಾರೋ ಆಯ್ತು ಅಂದರು ಅಂತ ಕೆಡವಿ, ಮಳೆಗಾಲ ಪೂರ್ತಿ ತಗಡಿನ ಕೆಳಗೆ ಕೂಸು ಕಟ್ಟಿಕೊಂಡು ಕೂತವರಿದ್ದಾರೆ.

ನಾನು ವಿಜಯಪುರದವಳು. ವಾರ್ಡ್ ಸಮಿತಿಗೆ ಸೇರಿದರೆ ನಮ್ಮ ಓಣಿಯವರಿಗೆ ಮನೆ ಕೊಡಿಸಬಹುದಾ?

ಕೊಡಿಸಲು ಆಗುವುದಿಲ್ಲ, ಆದರೆ ಸೇರಿ. ಅರ್ಹರು ಯಾರು ಅಂತ ಓಣಿಯಲ್ಲಿ ಇರುವವರಿಗೇ ಗೊತ್ತಿರುತ್ತದೆ ಅಲ್ವಾ? ಆ ಮಾತು ಸಮಿತಿಯ ದಾಖಲೆಯಲ್ಲಿ ಬರೆಯಿಸಿ. ಮಹಿಳೆಯರಿಗೆ ಅಲ್ಲಿ ಮೀಸಲು ಸ್ಥಾನ ಇದೆ, ಖಾಲಿ ಬಿಡಬೇಡಿ.

ವಾರ್ಡ್ ಸಮಿತಿ ದೊಡ್ಡ ಊರುಗಳಲ್ಲಿ ಕಡ್ಡಾಯ ಅಂತಾರೆ, ಹಾಗಾದರೆ ಬಾಗಲಕೋಟೆಯಲ್ಲಿ ಯಾಕೆ ಕಡ್ಡಾಯ ಇಲ್ಲ?

ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಊರುಗಳಿಗೆ. ಬೆಳಗಾವಿ, ವಿಜಯಪುರ ಅದರಲ್ಲಿ ಬರುತ್ತವೆ, ಬಾಗಲಕೋಟೆ ನಗರಸಭೆ ಬರುವುದಿಲ್ಲ.

ಶಾಸಕರ ಲೆಟರ್‌ಹೆಡ್ ತಂದರೆ ಗ್ರಾಮಸಭೆ ಬೇಕಾಗಿಲ್ಲವಂತೆ, ಹೌದಾ?

ಇಲ್ಲ.

ಸಭೆಗೆ ಹೋಗದೆ ಫೋನಿನಲ್ಲೇ ಹೆಸರು ಬರೆಸಬಹುದಾ?

ಒಂದು ಮಧ್ಯಾಹ್ನ ಹೋಗಿ ಕೂಡಿ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನೀವೂ ಗ್ರಾಮಸಭೆಯ ಸದಸ್ಯರೇ.