ಓದುಗರ ಪ್ರಶ್ನೆ: ಸುತ್ತಿನಿಂದ ಸುತ್ತಿಗೆ ಬದಲಾಗುವ ಜಾಲ

ಪ್ರಶ್ನೆ: ನಾನು ಎಂ.ಟೆಕ್. ವಿದ್ಯಾರ್ಥಿನಿ. ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್ (ಹಲವು ಕಂಪ್ಯೂಟರುಗಳು ಸಂದೇಶ ಕಳಿಸಿಕೊಳ್ಳುತ್ತ ಕೂಡಿ ಲೆಕ್ಕ ಮಾಡುವ ವಿಧಾನ) ಪಾಠಗಳಲ್ಲಿ ನೆಟ್‌ವರ್ಕನ್ನು ಬದಲಾಗದ ಗ್ರಾಫ್, ಅಂದರೆ ನೋಡ್ ಎಂಬ ಬಿಂದುಗಳು ಮತ್ತು ಅವನ್ನು ಜೋಡಿಸುವ ಕೊಂಡಿಗಳ ಚಿತ್ರ, ಎಂದೇ ಇಟ್ಟುಕೊಳ್ಳುತ್ತೇವೆ. ಕೊಂಡಿಗಳು ಬದಲಾಗುತ್ತಿದ್ದರೂ, ಯಾವ ಸುತ್ತಿನಲ್ಲಿ ನೋಡಿದರೂ ಯಾವುದೇ ಎರಡು ನೋಡ್‌ಗಳ ನಡುವಿನ ದೂರ ಎರಡು ಕೊಂಡಿಗಳನ್ನು ಮೀರದಿದ್ದರೆ, ಒಂದು ಸುದ್ದಿ ಎರಡೇ ಸುತ್ತುಗಳಲ್ಲಿ ಎಲ್ಲರನ್ನೂ ಮುಟ್ಟಬೇಕಲ್ಲವೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಮುಟ್ಟಲೇಬೇಕೆಂದಿಲ್ಲ. ಕಾಗದದ ಮೇಲೆ ಬರೆದು ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. ಒಂದು ಸುತ್ತು ಎಂದರೆ ಪ್ರತಿ ನೋಡೂ ಸುತ್ತಿನ ಆರಂಭದಲ್ಲಿ ತನಗೆ ಗೊತ್ತಿದ್ದುದನ್ನು ಕೊಂಡಿಯಿರುವ ಪಕ್ಕದವರಿಗೆ ಒಮ್ಮೆ ಕಳಿಸುವುದು. ಕ, ಖ, ಗ, ಘ, ಚ ಎಂಬ ಐದು ನೋಡ್‌ಗಳಿವೆ. ಸುದ್ದಿ ಗೊತ್ತಿರುವುದು ಕ ಒಂದಕ್ಕೇ. ಮೊದಲ ಸುತ್ತಿನಲ್ಲಿ ಖ ನಡುವೆ ನಿಂತು ಉಳಿದ ನಾಲ್ಕಕ್ಕೂ ಕೊಂಡಿ ಚಾಚಿದೆ. ಕ ಕಳಿಸಿದ ಸುದ್ದಿ ಖ ನೋಡಿಗೆ ಸಿಗುತ್ತದೆ. ಆದರೆ ಸುತ್ತು ಆರಂಭವಾದಾಗ ಖ ನೋಡಿಗೇ ಅದು ಗೊತ್ತಿರಲಿಲ್ಲವಾದ್ದರಿಂದ ಬೇರೆ ಯಾರಿಗೂ ಸಿಗುವುದಿಲ್ಲ. ಎರಡನೆಯ ಸುತ್ತಿಗೆ ನಡುವಿನ ಸ್ಥಾನ ಗ ನೋಡಿನದಾಗುತ್ತದೆ, ಮೂರನೆಯದಕ್ಕೆ ಘ ನೋಡಿನದು, ನಾಲ್ಕನೆಯದಕ್ಕೆ ಚ ನೋಡಿನದು. ಹೀಗೆ ಒಂದೊಂದು ಸುತ್ತಿಗೆ ಒಂದೇ ಹೊಸ ನೋಡಿಗೆ ಸುದ್ದಿ ಮುಟ್ಟಿ, ಒಟ್ಟು ನಾಲ್ಕು ಸುತ್ತುಗಳು ಬೇಕಾಗುತ್ತವೆ. ಸಾವಿರ ನೋಡ್‌ಗಳಿದ್ದರೆ 999. ಇದಕ್ಕಿಂತ ಹೆಚ್ಚು ಮಾತ್ರ ಬೇಕಾಗುವುದಿಲ್ಲ, ಏಕೆಂದರೆ ಗ್ರಾಫ್ ಅಖಂಡವಾಗಿರುವವರೆಗೆ (ಯಾವ ನೋಡಿನಿಂದ ಯಾವ ನೋಡಿಗಾದರೂ ದಾರಿ ಇರುವವರೆಗೆ) ಸುದ್ದಿ ತಿಳಿದವರಿಂದ ತಿಳಿಯದವರ ಕಡೆಗೆ ಒಂದು ಕೊಂಡಿಯಾದರೂ ಇದ್ದೇ ಇರುತ್ತದೆ.

ಆದ್ದರಿಂದ ಇಂಥ ನೆಟ್‌ವರ್ಕಿಗೆ ಒಂದು ಗ್ರಾಫ್ ಸಾಲದು, ಗ್ರಾಫ್‌ಗಳ ಸರಣಿಯೇ ಬೇಕು. ಜೊತೆಗೆ ಬದಲಾವಣೆಗೆ ಇರುವ ಕಟ್ಟುಪಾಡನ್ನು ಸ್ಪಷ್ಟವಾಗಿ ಹೇಳಬೇಕು. ನನ್ನ ಮಟ್ಟಿಗೆ ಮಾದರಿಯ ಜೀವಾಳ ಇರುವುದು ಈ ಎರಡನೆಯ ಭಾಗದಲ್ಲಿ. ಸಂಶೋಧಕರಾದ ಫೇಬಿಯನ್ ಕುನ್, ನ್ಯಾನ್ಸಿ ಲಿಂಚ್ ಮತ್ತು ರೋಟೆಮ್ ಓಶ್ಮನ್ 2010ರಲ್ಲಿ ಮಂಡಿಸಿದ ಮಾದರಿಯಲ್ಲಿ ಕೊಂಡಿಗಳನ್ನು ಆರಿಸುವವನು ಕೆಲಸ ಕೆಡಿಸಲೆಂದೇ ಇರುವ ಒಬ್ಬ ಕಾಲ್ಪನಿಕ ಎದುರಾಳಿ. ಅವನಿಗಿರುವ ಕಟ್ಟುಪಾಡು, ಸತತವಾದ ಯಾವ ಟಿ ಸುತ್ತುಗಳನ್ನು (ಟಿ ಎಂದರೆ ಮೊದಲೇ ಗೊತ್ತುಮಾಡಿದ ಒಂದು ಸಂಖ್ಯೆ) ತೆಗೆದುಕೊಂಡರೂ ಎಲ್ಲ ನೋಡ್‌ಗಳನ್ನೂ ಬೆಸೆಯುವ ಯಾವುದಾದರೂ ಒಂದು ಕೊಂಡಿಜಾಲ ಅಷ್ಟೂ ಸುತ್ತು ಕದಲದೆ ಉಳಿಯಬೇಕು ಎಂಬುದು. ಟಿ ಒಂದೇ ಆಗಿದ್ದರೂ, ನೋಡ್‌ಗಳಿಗೆ ಬೇರೆ ಬೇರೆ ಗುರುತುಗಳಿದ್ದರೆ ತಾವು ಒಟ್ಟು ಎಷ್ಟಿದ್ದೇವೆಂದು ಅವು ಎಣಿಸಿಕೊಳ್ಳಬಲ್ಲವು ಎಂದು ಅವರು ತೋರಿಸಿದರು. ಮುಂದಿನ ಸುತ್ತಿನಲ್ಲಿ ಪಕ್ಕದವರು ಯಾರೆಂದೇ ತಿಳಿಯದ ಜಾಲದಲ್ಲಿ ಇದು ಸಾಧ್ಯವೆಂಬುದು ನನಗೆ ಇಂದಿಗೂ ಬೆರಗು ತರುತ್ತದೆ.

ಯಾವ ಕ್ಷಣದಲ್ಲೂ ಅಖಂಡವಾಗಿರದ ಜಾಲಗಳೂ ಇವೆ. 2000ರ ದಶಕದ ಆರಂಭದಲ್ಲಿ ದೊಡ್ಡಬಳ್ಳಾಪುರದ ಕಡೆ ನಡೆದ ಡಾಕ್‌ನೆಟ್ ಪ್ರಯೋಗದಲ್ಲಿ ಬಸ್ಸಿಗೆ ಅಳವಡಿಸಿದ ವೈ-ಫೈ ಸಾಧನ ಹಳ್ಳಿಯ ಕಿಯೋಸ್ಕಿನಿಂದ ಭೂಮಿ ಯೋಜನೆಯ ಪಹಣಿ ಕೋರಿಕೆಗಳನ್ನು ಹೊತ್ತು ತಾಲ್ಲೂಕು ಕೇಂದ್ರಕ್ಕೆ ಒಯ್ಯುತ್ತಿತ್ತು. ಬಸ್ಸು ಹಳ್ಳಿಯಲ್ಲಿರುವಾಗ ಕೇಂದ್ರಕ್ಕೆ ಕೊಂಡಿಯಿಲ್ಲ, ಕೇಂದ್ರದಲ್ಲಿರುವಾಗ ಹಳ್ಳಿಗೆ ಕೊಂಡಿಯಿಲ್ಲ. ಆದರೂ ಕೋರಿಕೆ ತಲುಪುತ್ತದೆ. ಇಲ್ಲಿ ದಾರಿಯೆಂದರೆ ಕೊಂಡಿಗಳ ಸಾಲಷ್ಟೇ ಅಲ್ಲ, ಅವು ಒಂದಾದ ಮೇಲೊಂದು ಸರಿಯಾದ ಹೊತ್ತಿಗೆ ಒದಗುವ ಕ್ರಮವೂ ಹೌದು. ಪ್ರತಿಯೊಂದು ಕೊಂಡಿಯೂ ಎರಡೂ ಕಡೆಗೆ ತೆರೆದಿದ್ದರೂ ದಾರಿ ಒಮ್ಮುಖವಾಗಬಹುದು: ಬೆಳಗಿನ ಬಸ್ಸಿನಲ್ಲಿ ಹೋದ ಕೋರಿಕೆಗೆ ಉತ್ತರ ಬರಬೇಕಾದರೆ ಆ ಬಸ್ಸು ಮರಳುವ ತನಕ ಕಾಯಲೇಬೇಕು.