ಸೈಬರ್‌ಪಂಕ್ ಓದುವ ಆಸೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಎಲ್ಲರೂ ಹೊಗಳುತ್ತಾರೆಂದು ‘ನ್ಯೂರೋಮ್ಯಾನ್ಸರ್’ ಹಿಡಿದೆ, ನಲವತ್ತು ಪುಟಕ್ಕೇ ಸುಸ್ತಾದೆ. ಈಚಿನ ಸೈಬರ್‌ಪಂಕ್ ಕಾದಂಬರಿಗಳಲ್ಲಿ, ಅಂದರೆ ತಂತ್ರಜ್ಞಾನ ಮತ್ತು ದೊಡ್ಡ ಕಂಪನಿಗಳ ಹಿಡಿತಕ್ಕೆ ಸಿಕ್ಕ ನಾಳಿನ ಜಗತ್ತಿನ ಕಥೆಗಳಲ್ಲಿ, ಸಲೀಸಾಗಿ ಓದಿಸಿಕೊಂಡು ಹೋಗುವಂಥದ್ದು ಯಾವುದು? ಇಂಗ್ಲಿಷಾದರೂ ಪರವಾಗಿಲ್ಲ.

ಉತ್ತರ: ಸುಸ್ತಾಗಿದ್ದು ಸಹಜ. ವಿಲಿಯಂ ಗಿಬ್ಸನ್ 1984ರಲ್ಲಿ ಬರೆದ ಆ ಕಾದಂಬರಿ ಒಂದು ಪದವನ್ನೂ ಬಿಡಿಸಿ ಹೇಳುವುದಿಲ್ಲ. ಓದುಗರೆಲ್ಲ ಆ ಕಥೆಯ ಊರಲ್ಲೇ ಹುಟ್ಟಿ ಬೆಳೆದವರೇನೋ ಎಂಬಂತೆ ಮಾತಾಡುತ್ತದೆ. ಸದ್ಯಕ್ಕೆ ಅದನ್ನು ಕಪಾಟಿನಲ್ಲಿಡಿ.

ನಿಮಗೆ ಮೊದಲು ಕೊಡಬೇಕೆನಿಸುವುದು ಲಾವಣ್ಯ ಲಕ್ಷ್ಮೀನಾರಾಯಣ್ ಅವರ ‘ದಿ ಟೆನ್ ಪರ್ಸೆಂಟ್ ಥೀಫ್’. 2020ರಲ್ಲಿ ‘ಅನಲಾಗ್/ವರ್ಚುವಲ್’ ಎಂದು ಬಂದ ಪುಸ್ತಕ, 2023ರಲ್ಲಿ ಈ ಹೆಸರು ಪಡೆಯಿತು. ಕಥೆ ನಡೆಯುವುದು ಏಪೆಕ್ಸ್ ಸಿಟಿಯಲ್ಲಿ, ಅಂದರೆ ಒಂದು ಕಾಲಕ್ಕೆ ಬೆಂಗಳೂರಾಗಿದ್ದ ಊರಲ್ಲಿ. ಅಪ್ರೈಸಲ್ ಹೊತ್ತಿಗೆ ನಿಮ್ಮ ಆಫೀಸಿನಲ್ಲೂ ಕೇಳಿಬರುವ, ಎಲ್ಲರನ್ನೂ ಮೇಲೆ-ನಡು-ಕೆಳಗೆ ಎಂದು ವಿಂಗಡಿಸುವ ಬೆಲ್ ಕರ್ವ್ ಇಲ್ಲಿ ಇಡೀ ಬದುಕನ್ನೇ ಅಳೆಯುತ್ತದೆ. ಮೇಲಿನ ಶೇ 20ರಷ್ಟು ಮಂದಿಗೆ ಸಕಲ ಸುಖ. ತಳದ ಶೇ 10ಕ್ಕೆ ಜಾರಿದರೆ ಕರೆಂಟಿಲ್ಲದ, ನಲ್ಲಿ ನೀರಿಲ್ಲದ ಆಚೆ ಬದಿಗೆ ಗಡೀಪಾರಾಗುವ ಭಯ. ಈ ‘ಥೀಫ್’ ನಗರದೊಳಗಿಂದ ಕದಿಯುವುದು ಒಂದೇ ಒಂದು ಜಕರಂಡ ಬೀಜ! ಬೇಸಿಗೆ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನ ಫುಟ್‌ಪಾತ್ ತುಂಬ ನೇರಳೆ ಹೂ ಉದುರಿಸುವ ಅದೇ ಮರದ್ದು. ಆ ಹೂ ತುಳಿಯದಂತೆ ಪಕ್ಕಕ್ಕೆ ಸರಿದು ನಡೆದವರಿಗೆ ಈ ಕಳವಿನ ಬೆಲೆ ಗೊತ್ತಾಗುತ್ತದೆ. ಬಿಡಿ ಕಥೆಗಳನ್ನು ಪೋಣಿಸಿದ ಕಾದಂಬರಿಯಾದ್ದರಿಂದ ದಿನಕ್ಕೊಂದರಂತೆ ಓದಬಹುದು.

ನಗು ಬೇಕೆನಿಸಿದಾಗ ಮಾರ್ತಾ ವೆಲ್ಸ್ ಅವರ ‘ಆಲ್ ಸಿಸ್ಟಮ್ಸ್ ರೆಡ್’ (2017) ಎತ್ತಿಕೊಳ್ಳಿ. ಅನ್ಯಗ್ರಹದ ಕಥೆ, ಅಪ್ಪಟ ಸೈಬರ್‌ಪಂಕ್ ಅನ್ನಲಾರೆ. ಆದರೂ ಇಲ್ಲಿನ ನಿರೂಪಕ ಕಂಪನಿಯ ಸ್ವತ್ತಾದ ಒಂದು ಕಾವಲು ಯಂತ್ರ. ತನ್ನನ್ನು ಹಿಡಿತದಲ್ಲಿಟ್ಟಿದ್ದ ಮಾಡ್ಯೂಲನ್ನು ತಾನೇ ಹ್ಯಾಕ್ ಮಾಡಿ, ಹೆಚ್ಚುಕಡಿಮೆ 35,000 ಗಂಟೆ ಸೀರಿಯಲ್ಲು, ಸಿನಿಮಾ, ಪುಸ್ತಕದಲ್ಲೇ ಮುಳುಗಿರುತ್ತದೆ. ಮನುಷ್ಯರು ಮುಖ ನೋಡಿದರೆ ಮುದುಡಿಹೋಗುತ್ತದೆ. ಸಣ್ಣ ಪುಸ್ತಕ, ಒಂದು ಭಾನುವಾರ ಸಾಕು.

ಆಮೇಲೆ ಚೆನ್ ಚಿಯುಫಾನ್ ಅವರ ‘ವೇಸ್ಟ್ ಟೈಡ್’. ಚೀನೀ ಮೂಲ 2013ರದು, ಕೆನ್ ಲಿಯು ಮಾಡಿದ ಇಂಗ್ಲಿಷ್ ಅನುವಾದ 2019ರದು. ಲೇಖಕರ ಹುಟ್ಟೂರು ಶಾಂತೌಗೆ ಹತ್ತಿರದ ಗುಯಿಯು ಎಂಬಲ್ಲಿ ಜನ ಎಸೆದ ಕಂಪ್ಯೂಟರು, ಫೋನುಗಳ ವೈರು ಸುಟ್ಟು ತಾಮ್ರ, ಸರ್ಕ್ಯೂಟ್ ಬೋರ್ಡನ್ನು ಆಸಿಡ್‌ನಲ್ಲಿ ಅದ್ದಿ ಚಿನ್ನ ತೆಗೆಯುತ್ತಿದ್ದರು. ಕಾದಂಬರಿ ಬೆಳೆದದ್ದು ಆ ಊರಿನಿಂದ. ನಡುವೆ ಸ್ವಲ್ಪ ಎಳೆಯುತ್ತದೆ. ಆದರೆ ನೀವು ಎಸೆದ ಹಳೇ ಫೋನು ಯಾರ ಕೈ ಸೇರಿತೆಂಬ ಪ್ರಶ್ನೆ ಬಿಡದೆ ಕಾಡುತ್ತದೆ.

ಇವು ಮುಗಿದ ಮೇಲೆ ಗಿಬ್ಸನ್ ಕಡೆ ಮರಳಿ. ಬಂದರಿನ ಮೇಲಿನ ಆಕಾಶವನ್ನು ಪ್ರಸಾರವಿಲ್ಲದ ಟಿವಿ ಚಾನೆಲ್ಲಿನ ಬಣ್ಣಕ್ಕೆ ಹೋಲಿಸುವ ಆ ಮೊದಲ ವಾಕ್ಯವನ್ನು ಜೋರಾಗಿ ಓದಿ. ಮುಂದೆ ತಿಳಿಯದ ಪದ ಬಂದರೆ ನಿಲ್ಲದೆ ನೂರು ಪುಟ ದಾಟಿ.