ಗೆದ್ದರೂ ರ‍್ಯಾಂಕ್ ಏಕೆ ಏರುವುದಿಲ್ಲ?

ಪ್ರಶ್ನೆ: ಟೆನಿಸ್‌ನ ಕ್ಲೇ ಕೋರ್ಟ್ (ಮಣ್ಣಿನ ಅಂಕಣ) ಋತುವಿನಲ್ಲಿ ಒಬ್ಬ ಆಟಗಾರ ವಾರವಾರವೂ ಗೆಲ್ಲುತ್ತಿದ್ದರೂ ರ‍್ಯಾಂಕಿಂಗ್‌ನಲ್ಲಿ ಜಾರುತ್ತಾನಲ್ಲ, ಯಾಕೆ?

ಉತ್ತರ: ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಸ್ಥೆ) ಅಂಕಗಳ ಆಯಸ್ಸು 52 ವಾರ. ಆಮೇಲೆ ಅವು ಖಾತೆಯಿಂದ ಹೋಗಿ, ಆ ಜಾಗಕ್ಕೆ ಈ ವರ್ಷದ ಅಂಕ ಬರುತ್ತದೆ. ಕಳೆದ ವರ್ಷ ರೋಮ್‌ನಲ್ಲಿ ಪ್ರಶಸ್ತಿ ಗೆದ್ದು 1000 ಅಂಕ ಪಡೆದವನು ಈ ಸಲ ಕ್ವಾರ್ಟರ್ ಫೈನಲ್‌ನಲ್ಲಿ ಸೋತರೆ ಸಿಗುವುದು 200. ಮೂರು ಪಂದ್ಯ ಗೆದ್ದರೂ ಖಾತೆಯಿಂದ 800 ಅಂಕ ಹೋಯಿತು!

2024ರ ಫ್ರೆಂಚ್ ಓಪನ್ ನೋಡಿ. ಹಿಂದಿನ ವರ್ಷದ ಚಾಂಪಿಯನ್ ಜೊಕೊವಿಚ್ ಬೆನ್ನ ಮೇಲೆ 2000 ಅಂಕದ ಹೊರೆಯಿತ್ತು. ಮಂಡಿನೋವಿನಿಂದ ಕ್ವಾರ್ಟರ್ ಫೈನಲ್‌ಗೆ ಮುನ್ನ ಹಿಂದೆ ಸರಿದಾಗ ಉಳಿದದ್ದು 400. 2023ರಲ್ಲಿ ಎರಡನೇ ಸುತ್ತಿನಲ್ಲೇ ಸೋತಿದ್ದ ಸಿನ್ನರ್‌ಗೆ ಕಳೆದುಕೊಳ್ಳಲು ಇದ್ದದ್ದು ಬರೀ 45. ಸೆಮಿಫೈನಲ್‌ನಿಂದ ಬಂದದ್ದು 800. ಪ್ರಶಸ್ತಿ ಅಲ್ಕರಾಜ್‌ಗೆ, ಆದರೆ ಜೂನ್ 10ರಂದು ನಂಬರ್ 1 ಆದದ್ದು ಸಿನ್ನರ್. ಜೊಕೊವಿಚ್ ಮೂರಕ್ಕಿಳಿದರು.

ಪ್ರಶ್ನೆ: ಮಾಂಟೆ ಕಾರ್ಲೊ ಟೂರ್ನಿಗೆ ಗೈರಾದರೆ?

ಉತ್ತರ: ಮಾಸ್ಟರ್ಸ್ 1000 (ಗೆದ್ದವರಿಗೆ 1000 ಅಂಕ ಕೊಡುವ) ಟೂರ್ನಿಗಳಲ್ಲಿ ಅದೊಂದೇ ಕಡ್ಡಾಯವಲ್ಲ. ಮ್ಯಾಡ್ರಿಡ್, ರೋಮ್ ಹಾಗಲ್ಲ. ಅಲ್ಲಿ ಅರ್ಹತೆಯಿದ್ದೂ ಆಡದಿದ್ದರೆ ಲೆಕ್ಕದಲ್ಲಿ ಸೊನ್ನೆ ಕೂರಬಹುದು. ಡ್ರಾ (ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ) ನೋಡುವ ಮುನ್ನ ಯಾರು ಎಷ್ಟು ಅಂಕ ಉಳಿಸಿಕೊಳ್ಳಬೇಕು ಎಂಬುದನ್ನು ನೋಡಿಕೊಳ್ಳಿ.